ಪೊರೆಯಕ್ಕನ ಕಣ್ಣು

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಪೊರೆಯಕ್ಕ ಎಂದೇ ಕರೆಯುತ್ತಿದ್ದೆವು. ಬಣ್ಣದ ಅಣು ಬೆರೆಸಿದ ಪ್ಲಾಸ್ಟಿಕ್ ದ್ರಾವಣವನ್ನು ಗಾಜಿನ ಬಿಲ್ಲೆಯ ಮೇಲೆ ಹನಿಸಿ, ಗರಗರ ತಿರುಗಿಸಿ, ತೆಳ್ಳನೆಯ ಪೊರೆ ಮಾಡುವುದು ಅವರ ಕೆಲಸ. ಅದನ್ನು ಬಣ್ಣವಿಲ್ಲದ ಇನ್ನೊಂದು ಪೊರೆಗೆ ಮುಖಕ್ಕೆ ಮುಖ ತಾಗಿಸಿ ಹಿಂದಿನಿಂದ ಲೇಸರ್ ಹೊಡೆದರೆ, ಅಣುಗಳು ಇತ್ತಲಿಂದ ಅತ್ತ ದಾಟಿ ಚುಕ್ಕೆ ಮೂಡುತ್ತದೆ.

"ಬಾಡಿಗೆ ಮನೆ ಬದಲಾಯಿಸಿದ ಹಾಗೆ. ಸಾಮಾನು ಒಡೀಬಾರ್ದು ಅಷ್ಟೆ," ಎನ್ನುತ್ತಿದ್ದರು ಅಕ್ಕ.

ಬಿಲ್ಲೆಯ ಮುಖ ಯಾವುದು, ಬೆನ್ನು ಯಾವುದು ಎಂದು ಮುಟ್ಟಿ ನೋಡುವ ಹಾಗಿಲ್ಲ; ಬೆರಳಚ್ಚು ಬಿದ್ದರೆ ಕೆಟ್ಟಿತು. ಚಿಮುಟದಲ್ಲಿ ಹಿಡಿದು ದೀಪಕ್ಕೆ ಓರೆ ಮಾಡಬೇಕು. ಪೊರೆಯಿರುವ ಕಡೆ ಎಣ್ಣೆ ಸವರಿದಂತೆ ಮಿನುಗುತ್ತದೆ; ಅದೇ ಮುಖ. ಬೆನ್ನು ತಾಗಿಸಿದರೆ ಚುಕ್ಕೆ ಮೂಡದು.

ಆ ವಾರ ಚುಕ್ಕೆ ಒಮ್ಮೆ ಮೂಡಿದರೆ ಇನ್ನೊಮ್ಮೆ ಇಲ್ಲ. ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಸೋತು ಕೂತರು. "ಲೇಸರಿಗೆ ವಯಸ್ಸಾಯ್ತು. ರಿಪೇರಿಗೆ ಕಳಿಸೋಣ. ಅದು ಬರೋ ತನಕ ಎಲ್ರೂ ನೊಣ ಹೊಡೀರಿ."

ಅಕ್ಕನ ಮುಖ ಕಪ್ಪಿಟ್ಟಿತು. ಮನೆಯಲ್ಲಿ ಗಂಡ ಸೊಂಟ ಹಿಡಿದು ಮಲಗಿದ್ದರು. ಅವರನ್ನು ಎಬ್ಬಿಸುವುದಕ್ಕೂ ಕೂರಿಸುವುದಕ್ಕೂ ಇವರೇ. ತಮ್ಮ ಕಣ್ಣು ಮಂಜಾಗಿದೆ ಎಂದು ಹೇಳಿದರೆ, ಕೂತು ಕೆಲಸ ಮಾಡುವ ಈ ಮೇಜು ಕೈತಪ್ಪಿ, ಸೀಸೆ ತೊಳೆಯುವ ತೊಟ್ಟಿಯ ಮುಂದೆ ದಿನವಿಡೀ ನಿಲ್ಲಬೇಕಾಗುತ್ತದೆ. ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಲೇಸರನ್ನು ರಿಪೇರಿಗೆ ಒಯ್ಯಲು ಬಂದ ನಮ್ಮ ಪ್ರಯೋಗಾಲಯದ ಮೆಕ್ಯಾನಿಕ್ ಅದರ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಇಟ್ಟ.

"ಬಿಚ್ಚಬೇಡಪ್ಪ," ಎಂದರು ಅಕ್ಕ. "ಸರ್, ಪೊರೆ ಬಂದಿದೆ."

"ಬಂದಿದ್ರೆ ಕೊಡಿ, ಕೊನೇ ಸಲ ನೋಡೇ ಬಿಡೋಣ," ಮೇಷ್ಟ್ರು ಕೈ ಚಾಚಿದರು.

"ಗಾಜಿಗಲ್ಲ ಸರ್, ಕಣ್ಣಿಗೆ. ನಂಗೀಗ ಎರಡು ಕಡೆನೂ ಮಿನುಗುತ್ತೆ. ಅಂದಾಜಿನ ಮೇಲೆ ಇಡ್ತಿದ್ದೆ."

ಮೆಕ್ಯಾನಿಕ್ ಬಿಲ್ಲೆಯನ್ನು ದೀಪಕ್ಕೆ ಓರೆ ಮಾಡಿ ನೋಡಿ, ಮಗುಚಿ ಇಟ್ಟ. ಲೇಸರ್ ಟಪ್ಪೆಂದಿತು.

"ಮೂಡ್ತಾ?" ಅಕ್ಕ ಕೇಳಿದರು.

"ಮೂಡ್ತಕ್ಕ. ಹಸಿರು ಚುಕ್ಕೆ," ಎಂದ ಮೆಕ್ಯಾನಿಕ್.

"ಮೊದಲೇ ಹೇಳೋದಲ್ವಾ?" ಎಂದರು ಮೇಷ್ಟ್ರು.

"ಹೇಳಿದ್ರೆ ಸೀಸೆ ತೊಳೆಯೋಕೆ ಹಾಕ್ತಿದ್ರಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಆಪರೇಷನ್ ಮಾಡಿಸ್ಕೊಂಡು ಬನ್ನಿ. ಮೇಜು ಇಲ್ಲೇ ಇರುತ್ತೆ."

"ಮೇಜು ಎಲ್ಲಿಗೆ ಹೋಗುತ್ತೆ ಸರ್? ನಾನು ಕೇಳ್ತಿರೋದು ಕುರ್ಚಿ."

"ಕುರ್ಚೀನೂ ನಿಮ್ಮದೇ."

ಅಕ್ಕ ಆ ಕುರ್ಚಿಯಲ್ಲಿ ಕೂತರು. ಮನೆಗೆ ಹೋಗಿ ಗಂಡನನ್ನು ಎಬ್ಬಿಸಿ ಕೂರಿಸುವುದು ಇನ್ನೂ ಬಾಕಿಯಿತ್ತು. ಅದಕ್ಕೆ ಮೊದಲು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು.