ಬೆನ್ನಿಗೆ ಆಡಿದ ಮಾತು

ನಮ್ಮ ಮನೆಯ ಗ್ಯಾಸಿನ ಕಟ್ಟೆಯನ್ನು ಪೂರ್ವದ ಗೋಡೆಗೆ ಸರಿಸಿದ ಆ ವಾಸ್ತು ಮಹಾಶಯನ ಮುಖ ನನಗೆ ಇನ್ನೂ ನೆನಪಿದೆ. ನಾಲ್ಕು ಬೆರಳಿಗೆ ನಾಲ್ಕು ಉಂಗುರ, ಅಂಗೈಯಲ್ಲಿ ಒಂದು ದಿಕ್ಸೂಚಿ. ಇಚಲಕರಂಜಿಯಲ್ಲಿ ಸೂರ್ಯ ಯಾವ ಕಡೆ ಹುಟ್ಟುತ್ತಾನೆಂದು ನೋಡಲು ಯಂತ್ರ ಬೇಕಾದವನ ವಿದ್ಯೆ ಎಷ್ಟಿರಬೇಕು! ಅವನನ್ನು ಕರೆತಂದವಳು ನನ್ನ ನಾದಿನಿ. ಅವಳಿಗೆ ಊರಿನ ತಜ್ಞರೆಲ್ಲ ಪರಿಚಯ, ತನ್ನ ಒಲೆಯ ಮೇಲಿನ ಹಾಲು ಉಕ್ಕಿದ್ದೊಂದು ಗೊತ್ತಾಗುವುದಿಲ್ಲ.

ನನಗೆ ಆಗ ಮೊಣಕಾಲು ನೋವಿತ್ತು. ಅದು ವಯಸ್ಸಿನ ನೋವು, ಎಣ್ಣೆ ತಿಕ್ಕಿದರೆ ಹೋಗುವಂಥದ್ದು. ಆದರೆ ಆ ಮನುಷ್ಯ ದಿಕ್ಸೂಚಿ ನೋಡಿ ಲೊಚಗುಟ್ಟಿದ. "ಅಕ್ಕಾರ, ನೀವು ಪಶ್ಚಿಮಕ್ಕ ಮುಖಾ ಮಾಡಿ ಅಡಗಿ ಮಾಡಾಕತ್ತೀರಿ. ಕಾಲ ನೋಯದ ಏನ ಮಾಡ್ತಾವು?" ದೇವಿ ಎಲ್ಲ ದಿಕ್ಕಿನಲ್ಲೂ ಇದ್ದಾಳೆಂದು ಪ್ರತಿ ಮಂಗಳವಾರ ಉಪವಾಸ ಮಾಡುವವಳು ನಾನು. ಹಾಗಿದ್ದೂ ತಲೆಯಾಡಿಸಿದೆ. ಆ ದಡ್ಡತನ ನನ್ನದೇ, ಅದನ್ನು ನಾದಿನಿಯ ತಲೆಗೆ ಕಟ್ಟುವುದಿಲ್ಲ.

ಅದಕ್ಕೂ ಮೊದಲು ನಮ್ಮ ಒಲೆ ಎರಡು ಖೋಲಿಗಳ ನಡುವಿನ ಮೋಟುಗೋಡೆಯ ಮೇಲಿತ್ತು. ರೊಟ್ಟಿ ಬಡಿಯುತ್ತ ತಲೆ ಎತ್ತಿದರೆ ಎದುರಿಗೇ ಯಜಮಾನರು ಊಟಕ್ಕೆ ಕೂತಿರುತ್ತಿದ್ದರು. ಅವರು ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನೋಡುವವರು. ಲಗ್ನವಾದಾಗಿನಿಂದ ಅದೇ ಕೆಲಸ. ನಾನು ಮಾತಾಡುತ್ತಿದ್ದೆ, ಅವರು ಉಣ್ಣುತ್ತ ಉತ್ತರ ಕೊಡುತ್ತಿದ್ದರು. ಮಗಳು ಮುರಗೂಡದಲ್ಲಿ ಗಂಡನ ಮನೆ ಸೇರಿದ ಮೇಲೆ ನಮ್ಮಿಬ್ಬರ ಸಂಸಾರವೆಂದರೆ ಆ ಅರ್ಧ ತಾಸಿನ ಮಾತೇ. ಕಟ್ಟೆ ಪೂರ್ವಕ್ಕೆ ಹೋದ ಮೇಲೆ ನನ್ನ ಮುಖ ಗೋಡೆಗೆ, ಬೆನ್ನು ಅವರಿಗೆ.

ಅವತ್ತಿನಿಂದ ಅವರು ಉತ್ತರ ಕೊಡುವುದನ್ನು ನಿಲ್ಲಿಸಿದರು.

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಮಾತಿಲ್ಲ. "ಮಗಳ ಫೋನ್ ಬಂದಿತ್ರಿ." ಮಾತಿಲ್ಲ. ತಿರುಗಿ ನೋಡಿದರೆ ತಲೆ ತಗ್ಗಿಸಿ ಜುಣಕದ ಪಲ್ಯ ಕಲಸುತ್ತಿರುತ್ತಿದ್ದರು, ಮನೆಯಲ್ಲಿ ನಾನೆಂಬುವಳು ಇಲ್ಲವೇ ಇಲ್ಲ ಎನ್ನುವ ಹಾಗೆ. ದನಿ ಏರಿಸಿದರೆ, "ಯಾಕ ಒದರ್ತಿ? ಶೆಡ್ಡಿನ್ಯಾಗಿನ ಖಟಖಟಾ ಕೇಳಿ ಸಾಕಾಗೇತಿ, ಮನ್ಯಾಗೂ ಅದನ" ಎಂದು ನನ್ನನ್ನೇ ಗದರುತ್ತಿದ್ದರು. ಮೊದಲ ತಿಂಗಳು ದಣಿವು ಅಂದುಕೊಂಡೆ. ಎರಡನೆಯ ತಿಂಗಳು ಸೊಕ್ಕು ಅಂದುಕೊಂಡೆ. ಆಮೇಲೆ ನಾನು ಏನೇನು ಅಂದುಕೊಂಡೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಕುಡಿತವಿಲ್ಲ, ಇಸ್ಪೀಟಿಲ್ಲ, ಕೈ ಎತ್ತಿದವರಲ್ಲ, ಇಷ್ಟಾದರೂ ಇದೆಯಲ್ಲ ತಾಯಿ ಎಂದು ದಿನಾ ದೇವರ ಮುಂದೆ ಎಣಿಸುತ್ತಿದ್ದೆ. ಎಣಿಸಿ ಮುಗಿದ ಮೇಲೆ ಮತ್ತೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ.

ಹಾಗೆ ಎಂಟು ತಿಂಗಳು ಕಳೆಯಿತು. ಯಾರಿಗೂ ಹೇಳಲಿಲ್ಲ. ನನ್ನ ಮನೆಯ ಮಾತು ನನ್ನ ಮನೆಯಲ್ಲೇ ಇರಲಿ, ನಾನೇ ಸರಿಪಡಿಸಿಕೊಳ್ಳುತ್ತೇನೆ ಎಂಬ ಬಿಗುಮಾನ ನನಗೆ. ಕಡೆಗೆ ಒಂದು ದಿನ ಗಡಹಿಂಗ್ಲಜದಲ್ಲಿರುವ ಅಣ್ಣನ ಹೆಂಡತಿ, ನಮ್ಮ ವೈನಿ, ಫೋನಿನಲ್ಲಿ ನನ್ನ ದನಿ ಹಿಡಿದೇಬಿಟ್ಟಳು. "ಕೊಲ್ಹಾಪುರದಾಗ ಗಂಡಾ ಹೆಂಡ್ತಿ ನಡಕಿನ ತ್ರಾಸಿಗೆ ಸಲಹಾ ಕೊಡೂ ಮ್ಯಾಡಂ ಅದಾರವಾ. ಭಾಳ ಶಾಣ್ಯಾರಂತ. ಹೋಗಿ ಬಾ."

ಹೋದೆ. ಶಾಣ್ಯಾತನ ನೋಡಿ ಬಂದೆ.

ಖೋಲಿಯಲ್ಲಿ ಮೆತ್ತನೆಯ ಕುರ್ಚಿ, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಗಿಡ, ನನ್ನ ಎದುರಿಗೆ ಕಣ್ಣೊರೆಸಲು ಕಾಗದದ ಡಬ್ಬಿ. ಬಂದವರು ಅಳಲೇಬೇಕೆಂಬುದು ಅಲ್ಲಿಯ ಪದ್ಧತಿಯಿರಬೇಕು. ನಾನು ಅಳಲಿಲ್ಲ, ಡಬ್ಬಿ ಇದ್ದಲ್ಲೇ ಇತ್ತು. ಮೇಡಂ ಮರಾಠಿಯಲ್ಲಿ ಮಾತಿಗೊಮ್ಮೆ "ತುಮ್ಹಾಲಾ ಕಾಯ್ ವಾಟತಂ?", ನಿಮಗೆ ಏನನ್ನಿಸುತ್ತದೆ, ಎಂದು ಕೇಳಿದರು. ನನಗೇನನ್ನಿಸುತ್ತದೆಂದು ನನಗೆ ಗೊತ್ತಿತ್ತು, ಅದನ್ನು ಕೇಳಲು ಎರಡು ಬಸ್ಸು ಬದಲಿಸಿ ಬಂದಿರಲಿಲ್ಲ. ನನ್ನ ತಾಯಿ ತಂದೆ, ನನ್ನ ಬಾಲ್ಯ, ನನ್ನ ಕನಸು ಎಲ್ಲ ಕೇಳಿದರು. ನಿಮ್ಮ ಗಂಡ ಎಲ್ಲಿ ಕೆಲಸ ಮಾಡುತ್ತಾರೆ ಎಂದು ಒಂದೇ ಒಂದು ಸಲ ಕೇಳಲಿಲ್ಲ.

ಕೊನೆಗೆ ಎರಡು ಸಲಹೆ ಕೊಟ್ಟರು. ಒಂದು, ಗಂಡನೊಡನೆ ಮಾತು ಶುರು ಮಾಡುವಾಗ 'ನೀವು' ಅನ್ನಬಾರದು, 'ನನಗೆ' ಅನ್ನಬೇಕು. ಸರಿ, ಮಾರನೆಯ ದಿನ ರೊಟ್ಟಿ ಬಡಿಯುತ್ತ, "ನನಗ ಭಾಳ ಕೆಟ್ಟ ಅನಸ್ತೇತ್ರಿ" ಅಂದೆ. ಪೂರ್ವದ ಗೋಡೆ ಪಾಪ ಕೇಳಿಸಿಕೊಂಡಿತು. ಅದು ಫಲಿಸದಿದ್ದರೆ ಎರಡನೆಯದು: ಎಂಟು ದಿನ ನೀವೂ ಸುಮ್ಮನಿರಿ, ಆಗ ಅವರಿಗೆ ನಿಮ್ಮ ಮಾತಿನ ಬೆಲೆ ತಿಳಿಯುತ್ತದೆ. ಎಂಟು ದಿನ ತುಟಿ ಹೊಲಿದುಕೊಂಡು ಅಡುಗೆ ಮಾಡಿದೆ. ಎಂಟನೆಯ ದಿನ ಕೈ ತೊಳೆಯುತ್ತ ಯಜಮಾನರು ತಾವಾಗಿಯೇ ಬಾಯಿ ಬಿಟ್ಟರು.

"ಈ ವಾರ ಚಲೋ ಹೋತು ನೋಡ. ಒಂದ ಒದರಾಟ ಇಲ್ಲ, ಏನಿಲ್ಲ."

ಬ್ಯಾಗು ತೆಗೆದು ಸೀರೆ ತುಂಬಿದ್ದು ಆಗಲೇ. ಮರುದಿನ ಬೆಳಿಗ್ಗೆ ಅವರ ಡಬ್ಬಿ ಕಟ್ಟುತ್ತ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದೆ, "ನಾ ಗಡಹಿಂಗ್ಲಜಕ್ಕ ಹೊಂಟೇನ್ರಿ. ತಿರಗಿ ಬರೂದಿಲ್ಲ." ಇಪ್ಪತ್ತೇಳು ವರ್ಷದ ಸಂಸಾರವನ್ನು ಮುಗಿಸುವ ಮಾತು ಅದು. ಹಿಂದಿನಿಂದ ಉತ್ತರ ಬಂತು.

"ಉಪ್ಪಿನಕಾಯಿ ಹಾಕಿಯೇನ?"

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಳುವವರಿಗೆ ಅದೊಂದು ಉಪಕಾರ, ದೇವಿ ಅಷ್ಟು ಮಾಡಿದಳು. ಅಣ್ಣನ ಮನೆಯಲ್ಲಿ ವೈನಿ ನನ್ನ ಮುಖಕ್ಕಿಂತ ಮೊದಲು ಬ್ಯಾಗನ್ನು ನೋಡಿದಳು. "ಬ್ಯಾಗ ನೋಡಿದ್ರ ತಿಂಗಳದ್ದ ಅನಸ್ತೇತಿ ತಂಗಿ." "ತಿಂಗಳದ್ದಲ್ಲ ವೈನಿ" ಅಂದೆ. ಅವಳು ಬ್ಯಾಗನ್ನು ಎತ್ತಿ ಒಳಗಿಟ್ಟಳು.

ಐದನೆಯ ದಿನ ಶೆಡ್ಡಿಗೆ ರಜೆ. ಯಜಮಾನರು ಬಂದರು, ಕೈಯಲ್ಲಿ ಬಾಳೆಹಣ್ಣು. ನಾನು ಅಣ್ಣನ ಮನೆಗೆ ಹೋದೆನೆಂದು ಕೀಲಿ ಇಟ್ಟುಕೊಂಡಿದ್ದ ನೆರೆಮನೆಯವಳು ಹೇಳಿದ್ದಳಂತೆ. ಪಡಸಾಲೆಯಲ್ಲಿ ಕೂತು, ನಾನೇನೋ ಲಗ್ನದ ಊಟಕ್ಕೆ ಬಂದವಳೆಂಬಂತೆ, "ಯಾವಾಗ ಬರ್ತಿ?" ಎಂದರು. ನಾನು ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ. ಅವರ ಬೆನ್ನ ಹಿಂದೆ ವೈನಿ ಹಿತ್ತಾಳೆಯ ಪರಾತದಲ್ಲಿ ಶೇಂಗಾ ಆರಿಸುತ್ತಿದ್ದಳು. ಅವಳು ಸುಮ್ಮನಿರುವ ಪೈಕಿಯವಳಲ್ಲ.

"ಏನ್ರಿ ಅಣ್ಣಾರ, ಹೆಂಡ್ತಿ ಮನಿ ಬಿಟ್ಟ ಬಂದಾಳ, ನೀವು ಬಾಳಿಹಣ್ಣ ತುಗೊಂಡ ಬಂದೀರಿ? ಸಮಾಧಾನ ನಮಗ ಮಾಡ್ತೀರೋ, ಆಕಿಗೋ?"

ಅವರು ಬಾಳೆಹಣ್ಣು ಸುಲಿಯುತ್ತಿದ್ದರು. ತಿರುಗಲಿಲ್ಲ. ವೈನಿ ನನ್ನ ಕಡೆ ನೋಡಿ, ಸೊಕ್ಕು ನೋಡಿದಿಯಾ, ಎಂದು ಮೂತಿ ತಿರುವಿದಳು. ಸಿಟ್ಟಿನಲ್ಲಿ ಎದ್ದ ರಭಸಕ್ಕೆ ಪರಾತ ಜಾರಿ ಫರಸಿಕಲ್ಲಿನ ನೆಲದ ಮೇಲೆ ಬಿತ್ತು. ಆ ಸಪ್ಪಳಕ್ಕೆ ಬೆಕ್ಕು ಜಿಗಿದು ಹೊರಗೋಡಿತು, ಕಬ್ಬಿನ ಗದ್ದೆಯಿಂದ ಆಗಷ್ಟೇ ಬಂದಿದ್ದ ಅಣ್ಣ ಅಂಗಳದಿಂದಲೇ "ಏನಾತ?" ಎಂದು ಕೂಗಿದ. ಯಜಮಾನರ ಕುತ್ತಿಗೆ ಒಂದು ಕೂದಲಷ್ಟೂ ಅಲುಗಲಿಲ್ಲ. ಅವರು ಹಣ್ಣಿನ ತುದಿಯನ್ನು ಮುರಿದು ಬಾಯಿಗೆ ಹಾಕಿಕೊಂಡರು.

ಸೊಕ್ಕಿನವನಾದರೂ ಬೆಚ್ಚುತ್ತಾನೆ. ನಾನು ಆ ಕುತ್ತಿಗೆಯನ್ನೇ ನೋಡುತ್ತ ನಿಂತೆ.

ಆಮೇಲೆ ನಾನು ಮಾಡಿದ್ದನ್ನು ಯಾವ ಮೇಡಮ್ಮೂ ಹೇಳಿಕೊಟ್ಟಿರಲಿಲ್ಲ. ಅವರ ಎದುರಿಗೆ ಹೋಗಿ ಕೂತು, ದನಿಯೇ ಇಲ್ಲದೆ ಬರೀ ತುಟಿ ಆಡಿಸಿದೆ: ಊಟಾ ಮಾಡ್ತೀರೇನ್ರಿ? ಪಕ್ಕದಲ್ಲಿದ್ದ ವೈನಿಗೂ ಕೇಳಿಸದ ಮಾತು.

"ಈಗ ಬ್ಯಾಡ, ಆಮ್ಯಾಲ" ಅಂದರು ನನ್ನ ಗಂಡ.

ವೈನಿ ಬಾಯಿಗೆ ಸೆರಗು ಇಟ್ಟುಕೊಂಡಳು. ಮಗ್ಗದ ಗದ್ದಲದಲ್ಲಿ ಕೆಲಸ ಮಾಡುವವರು ಒಬ್ಬರದೊಬ್ಬರು ತುಟಿ ನೋಡಿಯೇ ಮಾತು ತಿಳಿಯುತ್ತಾರೆಂದು ಇಚಲಕರಂಜಿಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಅದೇ ಕಲೆಯಿಂದ ಈ ಮನುಷ್ಯ ಮನೆಯಲ್ಲಿ ಎಷ್ಟು ವರ್ಷದಿಂದ ಕಾಲ ಹಾಕಿದ್ದನೋ! ನಾನು ಎದುರಿಗಿದ್ದಷ್ಟು ದಿನ ನಮ್ಮಿಬ್ಬರಿಗೂ ಅದರ ಸುಳಿವೇ ಸಿಗಲಿಲ್ಲ. ಕಟ್ಟೆ ತಿರುಗಿದ ದಿನ ನನ್ನ ತುಟಿಯೂ ತಿರುಗಿತು, ಅಷ್ಟೇ. ಉಂಗುರದವನು ದಿಕ್ಕು ನೋಡಿದ, ಮೇಡಂ ಮನಸ್ಸು ನೋಡಿದರು, ಕಿವಿ ನೋಡಿದವರು ಯಾರೂ ಇಲ್ಲ.

ಗೊತ್ತಾದ ಮೇಲೆ ಸುಲಭವಾಯಿತು ಅಂದುಕೊಳ್ಳಬೇಡಿ. ಈಗ ಮನೆಮದ್ದಿನ ಪಂಡಿತರ ಸರದಿ. ಅಣ್ಣ ಬೆಳ್ಳುಳ್ಳಿ ಕಾಸಿದ ಎಣ್ಣೆ ತಂದ. ಯಾರಿಗೋ ಹತ್ತು ವರ್ಷದ ಕಿವುಡು ಅದರಿಂದ ಹೋಯಿತಂತೆ. ಆ ಯಾರೋ ಯಾವ ಊರಿನವನೆಂದರೆ ಗೊತ್ತಿಲ್ಲ. ಯಜಮಾನರಂತೂ ಎಲ್ಲರಿಗಿಂತ ದೊಡ್ಡ ಪಂಡಿತರು. "ನನ್ನ ಕಿವಿಗೆ ಏನೂ ಆಗಿಲ್ಲ. ನೀವ ಎಲ್ಲಾರೂ ಹೊಟ್ಯಾಗ ಮಾತಾಡ್ತೀರಿ. ನನ್ನ ಕಿವಿ ನಾ ನೋಡ್ಕೋತೇನಿ." ತಮ್ಮ ಕಿವಿಯನ್ನು ತಾವೇ ನೋಡಿಕೊಳ್ಳುವವರು! ದೇವರು ಕಣ್ಣನ್ನು ಎಲ್ಲಿ ಇಟ್ಟಿದ್ದಾನೆ, ಕಿವಿಯನ್ನು ಎಲ್ಲಿ ಇಟ್ಟಿದ್ದಾನೆ ಎಂಬುದನ್ನಾದರೂ ವಿಚಾರಿಸಬೇಡವೇ?

"ಕಣ್ಣ ಮುಚ್ರಿ" ಅಂದೆ.

"ಯಾಕ?"

"ಮುಚ್ರಿ ಅಂದ್ನಿ."

ಮುಚ್ಚಿದರು. ನಾನು ಅವರ ಮೂಗಿನ ಎದುರಿಗೇ, ದಿನಾ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದೆ, "ನೀವು ಕಿವಿ ತೋರಸೂತನಾ ನಾ ಮನಿಗೆ ಬರೂದಿಲ್ಲ." ಅವರು ಕಣ್ಣು ಮುಚ್ಚಿಕೊಂಡೇ ಕೂತರು. ನಾನಿನ್ನೂ ಮಾತು ಶುರು ಮಾಡಿಲ್ಲವೆಂದು ಕಾಯುತ್ತಿದ್ದರು. ತಡೆಯಲಾರದೆ ಕಣ್ಣು ಬಿಟ್ಟು, "ಅನ್ನು ಮತ್ತ, ಏನ ಅನ್ನಾಕಿದ್ದಿ?" ಎಂದರು. ಅಣ್ಣ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟ. ಯಾರೂ ನಗಲಿಲ್ಲ. ಎಲ್ಲರ ಮುಖ ನೋಡಿ ಅವರಿಗೆ ತಿಳಿಯಿತು. ಅಂಥ ಹೆದರಿಕೆಯನ್ನು ನಾನು ಅವರ ಮುಖದಲ್ಲಿ ಅವತ್ತೇ ಮೊದಲು ಕಂಡದ್ದು.

ಮರುದಿನ ಕೊಲ್ಹಾಪುರದ ಕಿವಿ ಡಾಕ್ಟರ ಹತ್ತಿರ ಹೋದೆವು. ಸಣ್ಣ ವಯಸ್ಸಿನ ಹೆಣ್ಣುಮಗಳು. ನಾನು ಮೊದಲೇ ಮುಖ ಗಂಟಿಕ್ಕಿಕೊಂಡು ಕೂತಿದ್ದೆ, ಇನ್ನು ಇವಳು ಬಾಲ್ಯ ಕೇಳುತ್ತಾಳೆಂದು. ಅವಳ ಮೊದಲ ಪ್ರಶ್ನೆ, "ಕಾಕಾ, ಕಾಮ್ ಕುಠೆ ಕರ್ತಾ?" ಕೆಲಸ ಎಲ್ಲಿ? ಮಗ್ಗ ಅಂದ ಕೂಡಲೇ ಎಷ್ಟು ವರ್ಷ, ಕಿವಿಗೆ ಅರಳೆ ಏನಾದರೂ ಇಟ್ಟುಕೊಳ್ಳುತ್ತಿದ್ದರೋ, ಎಂದು ಕೇಳಿದಳು. ನನ್ನ ಗಂಟು ಸ್ವಲ್ಪ ಸಡಿಲಾಯಿತು.

ಗಾಜಿನ ಖೋಲಿಯಲ್ಲಿ ಕೂರಿಸಿ, ಸಪ್ಪಳ ಕೇಳಿದಾಗ ಗುಂಡಿ ಒತ್ತಬೇಕೆಂದಳು. ಯಜಮಾನರು ಪಟಪಟ ಒತ್ತಿದರು. ಒಂದನ್ನೂ ಬಿಡಲಿಲ್ಲ. ಹಾಗಾದರೆ ಸೊಕ್ಕೇ ನಿಜವೇ? ಡಾಕ್ಟರು ನಕ್ಕು ಎದ್ದು ಹೋಗಿ ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಇಷ್ಟು ಹೊತ್ತು ಅವರು ಗಾಜಿನಿಂದ ಅವಳ ಕೈ ನೋಡಿ ಒತ್ತುತ್ತಿದ್ದರು! ಈ ಸಲ ಗುಂಡಿ ಬಹಳ ಹೊತ್ತು ಸುಮ್ಮನೇ ಇತ್ತು. "ಕಾಕಾಂಚೆ ಡೋಳೆ ಹುಶಾರ ಆಹೇತ" ಅಂದಳು ನನಗೆ. ಕಣ್ಣು ಜಾಣ. ಅದನ್ನು ನಾನೂ ಒಪ್ಪಿದೆ.

ಹೋದ ಕಿವಿ ಮರಳಿ ಬರುವುದಿಲ್ಲ, ಇರುವುದನ್ನು ಕಾಯಬೇಕು, ಶೆಡ್ಡಿನಲ್ಲಿ ಕಿವಿಗೆ ಸಪ್ಪಳ ತಡೆಯುವ ಬೆಣೆ, ಹೊರಗೆ ಕೇಳಿಸುವ ಮಿಷನ್. ಇದ್ದದ್ದನ್ನು ಇದ್ದ ಹಾಗೆ ನಾಲ್ಕು ಮಾತಿನಲ್ಲಿ ಹೇಳಿದಳು. ಕೆಲವು ದಿನ ಬಿಟ್ಟು ಮತ್ತೆ ಹೋಗಿ ಮಿಷನ್ ಹಾಕಿಸಿಕೊಂಡೆವು. ಅಲ್ಲೇ ನಮ್ಮ ದೇವಿ ಅಂಬಾಬಾಯಿಯ ಗುಡಿಗೆ ಹೋದಾಗ ಗಂಟೆ ಬಡಿದವನ ಕಡೆ ಯಜಮಾನರು ಕೆಕ್ಕರಿಸಿ ನೋಡಿದರು. "ಇದು ಮೊದಲೂ ಇಷ್ಟ ಜೋರ ಇತ್ತೇನ?" "ಇತ್ರಿ" ಅಂದೆ. ಇನ್ನೂ ಅಷ್ಟಾದರೂ ಉಳಿಸಿದೆಯಲ್ಲ ಎಂದು ಕೈ ಮುಗಿದೆ.

ಅವತ್ತು ಮನೆಗೆ ಬಂದು, ಅಲ್ಲಿಯವರೆಗೂ ಬಿಚ್ಚದೇ ಇಟ್ಟಿದ್ದ ಬ್ಯಾಗನ್ನು ಬಿಚ್ಚುವಾಗ ಅವರು ಕೇಳಿದರು, "ಐದ ದಿನಕ್ಕ ಇಷ್ಟ್ಯಾಕ ಸೀರಿ ಒಯ್ದಿದ್ದಿ?"

ಹೇಳಿದೆ. ಬಿಟ್ಟು ಹೋಗಿದ್ದೆ ಎಂದು ಹೇಳಿದೆ. ಎಂಟು ತಿಂಗಳ ಮಾತನ್ನೂ, ಮೇಡಮ್ಮನ ಮಾತನ್ನೂ ಹೇಳಿದೆ. ಅವರಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ನಾನೊಬ್ಬಳೇ ಉಂಡಿದ್ದೆ.

ಅವರು ಅಂದರು, "ಎರಡ ಬಸ್ ಬದಲಿಸಿ ಹೋಗಿ ಗುರ್ತ ಇಲ್ಲದ ಹೆಣ್ಣಮಗಳ ಮುಂದ ಹೇಳಿದಿ. ಎರಡ ಹೆಜ್ಜಿ ಹಿಂದಕ ಬಂದ ನನ್ನ ಭುಜಾ ತಟ್ಟಲಿಲ್ಲ. ಶೆಡ್ಡಿಗೆ ನಿನ್ನೆ ಬಂದಾವಗೂ ಅಷ್ಟ ತಿಳೀತೇತಿ."

ನಾದಿನಿಗೆ, ಉಂಗುರದವನಿಗೆ, ಮೇಡಮ್ಮನಿಗೆ ಅನ್ನಲು ನನ್ನ ಬಳಿ ಬೇಕಾದಷ್ಟು ಮಾತಿತ್ತು. ಇದು ಮಾತ್ರ ನನಗೇ ತಗುಲಿದ ಮಾತು. ಹಾಗೆಂದು ಸೋಲುವವಳೇ ನಾನು? "ನಿಮಗೂ ಗೊತ್ತಿರಲಿಲ್ಲೇನ್ರಿ, ಕಿವಿ ಕೇಳೂದಿಲ್ಲಂತ?" ಅಂದೆ.

"ಎಲ್ಲಾರಿಗೂ ಇಷ್ಟ ಕೇಳ್ತೇತಿ ಅಂತ ತಿಳದಿದ್ನಿ" ಎಂದರು. ಹಾಗೆಂದವರೇ ಜಗಳ ಮುಗಿಯಿತೆಂಬಂತೆ ಮಿಷನ್ ತೆಗೆದು ಅದರ ಡಬ್ಬಿಯಲ್ಲಿಟ್ಟು, ಬೆನ್ನು ತಿರುಗಿಸಿ ಕೂತರು.

ನಾನು ಎದ್ದು ಹೋಗಿ ಭುಜ ತಟ್ಟಿದೆ. ತುಸು ಗಟ್ಟಿಯಾಗಿಯೇ ತಟ್ಟಿದೆ. ತಿರುಗಿದರು.

"ಇನ್ನಾ ಮುಗದಿಲ್ರಿ. ಹಾಕ್ಕೋರಿ ಅದನ್ನ."

ಹಾಕಿಕೊಂಡರು.