ಕಾಲೇಜು ಶುರುವಾಗುವ ತನಕ

ಎರಡು ಸಾವಿರದ ಇಸವಿಯ ನಂತರದ ಮಾತು. ಆಗ ನಾವು ಮಸ್ಕತ್‌ನಲ್ಲಿದ್ದೆವು. ನನ್ನ ಗಂಡ ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ನಾನು ಆರ್ಕಿಟೆಕ್ಚರ್ ಓದಿದವಳು, ಮದುವೆ, ಮಗು ಅಂತ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ವರ್ಷಗಳೇ ಆಗಿದ್ದವು. ಹಾಗಿರುವಾಗ ಬೆಂಗಳೂರಿನ ಕಾಲೇಜೊಂದರಲ್ಲಿ ಎಂ.ಆರ್ಕ್ ಸೀಟು ಸಿಕ್ಕಿತು.

ಮಗಳಿಗೆ ಆರು ವರ್ಷ. ಅವಳ ಶಾಲೆ ಜೂನ್‌ಗೆ ಶುರು, ನನ್ನ ಕಾಲೇಜು ಜುಲೈಗೆ, ಗಂಡನ ಕಾಂಟ್ರಾಕ್ಟ್ ಮುಗಿಯುವುದು ಮುಂದಿನ ಮಾರ್ಚ್‌ಗೆ. ಮೂರನ್ನೂ ಹೇಗೋ ಹೊಂದಿಸಿ, ನಾನು ಮತ್ತು ಮಗಳು ಮೇ ಕೊನೆಯಲ್ಲಿ ಹಿರಿಯೂರಿನ ಅಕ್ಕನ ಮನೆಗೆ ಬಂದಿಳಿದೆವು. ತಿಂಗಳ ಮಟ್ಟಿಗೆ ಮಗಳು ಅಲ್ಲೇ ಶಾಲೆಗೆ ಹೋಗಲಿ, ಕಾಲೇಜು ಶುರುವಾದ ಕೂಡಲೇ ಬೆಂಗಳೂರಿನಲ್ಲಿ ಮನೆ ಮಾಡಿ ಕರೆದುಕೊಂಡು ಹೋದರಾಯಿತು ಅಂದುಕೊಂಡಿದ್ದೆ.

ಜುಲೈ ಬಂತು. ಕಾಲೇಜಿಗೆ ಫೋನ್ ಮಾಡಿದರೆ, "ಯೂನಿವರ್ಸಿಟಿಯಿಂದ ಇನ್ನೂ ಆರ್ಡರ್ ಬಂದಿಲ್ಲ ಮೇಡಂ, ಆಗಸ್ಟ್ ಆಗಬಹುದು" ಅಂದರು. ಆಗಸ್ಟ್‌ನಲ್ಲಿ ಸೆಪ್ಟೆಂಬರ್ ಅಂದರು. ಸೆಪ್ಟೆಂಬರ್‌ನಲ್ಲಿ ತಿಂಗಳ ಹೆಸರು ಹೇಳುವುದನ್ನೇ ಬಿಟ್ಟರು.

ಭಾವನದು ತೆಂಗಿನಕಾಯಿ ವ್ಯಾಪಾರ. ಮನೆಯ ಮುಂದೆಯೇ ಕಾಯಿ ರಾಶಿ, ಲಾರಿ, ಆಳುಗಳ ಗದ್ದಲ. ಎಲ್ಲರಿಗೂ ಕೈತುಂಬ ಕೆಲಸ, ನನಗೊಬ್ಬಳಿಗೆ ಇಲ್ಲ. ಸೂಟ್‌ಕೇಸುಗಳನ್ನು ಪೂರ್ತಿ ಬಿಚ್ಚಿರಲಿಲ್ಲ, ಬೇಕಾದಾಗ ಒಂದೊಂದೇ ಬಟ್ಟೆ ಎಳೆದುಕೊಳ್ಳುತ್ತಿದ್ದೆ. ಅಡುಗೆಮನೆಗೆ ಹೋಗಿ ಹೊರಗೆ ಬರುವೆ, ಮಹಡಿ ಹತ್ತಿ ಇಳಿಯುವೆ, ಫೋನ್ ಎತ್ತಿ ಅದು ಕೆಟ್ಟಿಲ್ಲ ತಾನೇ ಎಂದು ನೋಡುವೆ.

"ಒಂದ್ ಗಳಿಗೆ ಕುಂತ್ಕಳೇ. ನಿನ್ನ ನೋಡಿ ನಂಗೇ ತಲೆ ಸುತ್ತುತೈತೆ," ಎಂದು ಅಕ್ಕ ಬೈಯುತ್ತಿದ್ದಳು.

ಗಂಡ ಶುಕ್ರವಾರ ಫೋನ್ ಮಾಡುತ್ತಿದ್ದರು. ಆರು ತಿಂಗಳು ಹೊರಗೇ ಉಳಿದರೆ ಅಲ್ಲಿನ ವೀಸಾ ರದ್ದಾಗುತ್ತಿತ್ತು. "ಕಾಲೇಜೂ ಇಲ್ಲ, ವೀಸಾನೂ ಇಲ್ಲ ಅನ್ನೋ ಹಾಗಾದ್ರೆ? ಬಂದ್ಬಿಡು, ಮುಂದಿನ ವರ್ಷ ನೋಡಾಣ," ಅಂದರು. ಕೋಪದಿಂದಲ್ಲ, ಒಬ್ಬರೇ ಇದ್ದು ಅವರಿಗೂ ಬೇಸರವಾಗಿತ್ತು.

ಮರುದಿನವೇ ಬಸ್ಸು ಹತ್ತಿ ಚಿತ್ರದುರ್ಗದ ಟ್ರಾವೆಲ್ಸ್ ಅಂಗಡಿಗೆ ಹೋದೆ. ಅಲ್ಲಿದ್ದಾತ ಕೇಳಿದ, "ಹೋಗೋಕೆ ಮಾತ್ರನಾ ಮೇಡಂ, ವಾಪಸ್ ಬರೋದೂ ಐತಾ?"

ಯೋಚಿಸಿ ಬರುತ್ತೇನೆಂದು ಎದ್ದೆ. ಹಿರಿಯೂರಿನ ಬಸ್ಸು ನಿಂತಿದ್ದರೂ ಹತ್ತಲು ಮನಸ್ಸಾಗದೆ, ಬಿಸಿಲಲ್ಲಿ ಸಂತೆಪೇಟೆಯವರೆಗೆ ನಡೆದು ಸುಮ್ಮನೆ ವಾಪಸು ಬಂದೆ.

ಸಂಜೆ ಮಗಳಿಗೆ ಹೇಳಿದೆ, "ಅಪ್ಪನ ಹತ್ರ ಹೋಗೋಣ್ವಾ?"

ಅವಳು ದೊಡ್ಡಮ್ಮನ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. "ನಂಗೆ ಪರೀಕ್ಷೆ ಐತಮ್ಮ. ನೀನು ಹೋಗ್ಬಾ," ಅಂದಳು.

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಮಸ್ಕತ್‌ನಲ್ಲಿ ನನ್ನ ಸೆರಗು ಬಿಡದ ಮಗು ಅದು. ನಾನು ಸೂಟ್‌ಕೇಸ್ ಬಿಚ್ಚದೆ ಕಾದ ಆ ತಿಂಗಳುಗಳಲ್ಲಿ ಅವಳಿಗೆ ಗೆಳತಿಯರಾಗಿದ್ದರು, ಹಾಜರಿಯಲ್ಲಿ ಹೆಸರಿತ್ತು, ಮಾತೂ ಇಲ್ಲಿನದೇ ಆಗಿತ್ತು. ಟಿಕೆಟ್ ವಿಚಾರ ಅಲ್ಲಿಗೆ ನಿಂತಿತು.

ದಸರಾ ರಜೆ ಮುಗಿಯುವ ಹೊತ್ತಿಗೆ ಕಾಲೇಜಿನಿಂದ ಫೋನ್ ಬಂತು, ಸೋಮವಾರದಿಂದ ಕ್ಲಾಸು. ಮಗಳನ್ನು ವರ್ಷದ ನಡುವೆ ಶಾಲೆ ಬಿಡಿಸುವುದು ಬೇಡವೆಂದು ಅಕ್ಕ ಖಡಾಖಂಡಿತ ಹೇಳಿದಳು. ನಾನೊಬ್ಬಳೇ ಹೊರಟೆ. ಕ್ಲಾಸಿನಲ್ಲಿ ಎಲ್ಲರೂ ನನಗಿಂತ ಚಿಕ್ಕವರು. ಮೇಷ್ಟ್ರು ನಗರಯೋಜನೆ ಹೇಳುತ್ತಿದ್ದರೆ ನನ್ನ ಕಣ್ಣು ಗಡಿಯಾರದ ಮೇಲೆ, ಈಗ ಅವಳಿಗೆ ಊಟದ ಬೆಲ್ ಆಗಿರಬಹುದು. ಶನಿವಾರ ಮಧ್ಯಾಹ್ನವೇ ಹಿರಿಯೂರಿನ ಬಸ್ಸು.

ನವೆಂಬರ್‌ನಲ್ಲಿ ವೀಸಾ ಹೋಯಿತು. ಮಾರ್ಚ್‌ನಲ್ಲಿ ಗಂಡ ಬಂದರು. ಬೇಸಿಗೆ ರಜೆಯಲ್ಲಿ ಮೂವರೂ ಬೆಂಗಳೂರಿನ ಬಾಡಿಗೆ ಮನೆಗೆ ಹೊರಟಾಗ ಮಗಳು ಬಸ್ಸಿನ ಕಿಟಕಿಗೆ ಮುಖ ಒತ್ತಿ ಶಿರಾದವರೆಗೂ ಅತ್ತಳು. ಸಮಾಧಾನ ಮಾಡಲು ಹೋದರೆ ಭುಜ ಕೊಸರಿಕೊಂಡು ಅಪ್ಪನ ತೊಡೆಗೆ ಹೋದಳು.