ಸಂಜಿಗೆ ಒಬ್ರೇ ಬನಿ

ಬಿಪಿ ನೋಡುವ ಪಟ್ಟಿಯನ್ನು ತೋಳಿನಿಂದ ಬಿಚ್ಚುವಾಗ ಪರ್ರನೆ ಸದ್ದಾಗುತ್ತದಲ್ಲ, ಅದನ್ನು ಕೇಳಿದರೆ ನನಗೆ ತ್ರಾಸಿಯ ಗುಲಾಬಿಯಕ್ಕನ ಅಂಗಳ ನೆನಪಾಗುತ್ತದೆ. ಮೊನ್ನೆ ಕುಂದಾಪುರದ ಆಸ್ಪತ್ರೆಯಲ್ಲೂ ಹಾಗೇ ಆಯಿತು. ನಿಮಗೂ ಇಂಥ ಒಂದು ಸದ್ದು ಇದ್ದೀತು. ಇಲ್ಲವಾದರೆ ನೀವು ಪುಣ್ಯವಂತರು.

ಆಗ ನಾನು ಆರೋಗ್ಯ ಯೋಜನೆಗಳ ‘ಪ್ರಕ್ರಿಯಾ ಮೌಲ್ಯಮಾಪನ’ ಮಾಡುತ್ತಿದ್ದೆ. ಕಾಯಿಲೆ ವಾಸಿಯಾಯಿತೇ ಎಂದು ನಾವು ಕೇಳುವಂತಿರಲಿಲ್ಲ, ಅದು ಬೇರೆಯವರ ಕೆಲಸ. ಗುಳಿಗೆ ಮನೆಗೆ ತಲುಪಿತೇ, ಕಾರ್ಯಕರ್ತೆ ಬಂದಳೇ, ಅಂದುಕೊಂಡಂತೆ ಎಲ್ಲ ನಡೆಯಿತೇ, ಇಷ್ಟೇ ನಮ್ಮ ಪಾಲಿಗೆ. ಮದುವೆ ಊಟಕ್ಕೆ ಹೋಗಿ, ಬಡಿಸಿದ್ದಾರೋ ಎಂದು ನೋಡಿ, ರುಚಿ ನೋಡದೆ ಎದ್ದು ಬಂದ ಹಾಗೆ. ಈ ಕೆಲಸಕ್ಕಾಗಿ ನಾನು ಎರಡು ಪದವಿ ಪಡೆದಿದ್ದೆ.

ಗುಲಾಬಿಯಕ್ಕ ಮೀನು ಮಾರುವವರು. ಬೆಳಿಗ್ಗೆ ಬುಟ್ಟಿ ಹೊತ್ತು ಹಾಲಾಡಿ ಕಡೆಯ ಬಸ್ಸು ಹತ್ತಿದರೆ ಮಧ್ಯಾಹ್ನವೇ ಮನೆ. ಅವರಿಗೆ ಬಿಪಿ ಇತ್ತು. ಗುಳಿಗೆ ತಂದುಕೊಡುವ ಕಾರ್ಯಕರ್ತೆ ಸುಜಾತಾಳೇ ನಮಗೆ ಮನೆ ತೋರಿಸಿದಳು, ತೋರಿಸಿ, ಗುಲಾಬಿಯಕ್ಕನ ಬಿಪಿ ನೋಡಿ ಪಟ್ಟಿಯನ್ನು ಪರ್ರನೆ ಬಿಚ್ಚಿ, ಕಂಬಕ್ಕೆ ಒರಗಿ ನಿಂತಳು. ನಮ್ಮಲ್ಲಿ ಮನೆ ತೋರಿಸಿದವರನ್ನು ‘ನೀನಿನ್ನು ಹೋಗು’ ಎನ್ನುವ ಕ್ರಮವಿಲ್ಲ. ಗುಲಾಬಿಯಕ್ಕ ಸೀಯಾಳ ಕೊಟ್ಟರು. ಎಲ್ಲವನ್ನೂ ಅನುಮಾನಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಸೀಯಾಳ ಕೊಟ್ಟವರನ್ನು ಅನುಮಾನಿಸುವುದು ಹೇಗೆಂದು ಮಾತ್ರ ಕಲಿಸಿರಲಿಲ್ಲ.

“ಗುಳಿಗಿ ತಿಂಗ್ಳ್ ತಿಂಗ್ಳ್ ಸಿಕ್ಕತ್ತಾ ಅಕ್ಕ?” ಎಂದು ಕೇಳಿದೆ.

“ಸಿಕ್ಕತ್ತ್ ಮರಾಯ್ರೆ. ಎಲ್ಲ ಲಾಯ್ಕ್ ಇತ್ತ್. ಈ ಹೆಣ್ಣ್ ಪಾಪ, ಬಿಸ್ಲಂಗೆ ನಡ್ಕಂಡ್ ಬತ್ತ್.”

“ಗುಳಿಗಿ ಒಂಚೂರ್ ತೋರ್ಸ್ತ್ರಾ?”

“ಹ್ವಾಯ್, ಕಿವಿರ್ ಬಿಡ್ಸಿ ಕಂಡೇ ಮೀನ್ ತಕಂಬ ಜನ ಕಾಣಿ ನೀವ್!”

ಎಲ್ಲರೂ ನಕ್ಕೆವು, ಸುಜಾತಾಳೂ ನಕ್ಕಳು. ನಮ್ಮ ತಂಡದ ಹಿರಿಯರು ಮುಂದಿನ ಮನೆಗೆ ಎದ್ದರು. ‘ಅನುಷ್ಠಾನ ತೃಪ್ತಿಕರ’ ಎಂದು ವರದಿ ಅಚ್ಚಾಯಿತು.

ಮರುವರ್ಷ ಬೈಂದೂರಿಗೆ ಹೋಗುವಾಗ ತ್ರಾಸಿಯಲ್ಲಿ ಇಳಿದೆ. ಗುಲಾಬಿಯಕ್ಕನಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಸೊಸೆ ಚಾಪೆಯ ಬದಿಯಲ್ಲಿ ಕೂತು ಹೇಳಿದಳು: “ನೀವ್ ಬಪ್ಪು ಮುಂಚಿನ್ ಮಳಿಗಾಲ ಪೂರ್ತಿ ಗುಳಿಗಿ ಬರ್ಲಿಲ್ಲ. ಮೇಲಿಂದ್ಲೇ ಇಲ್ಲ ಅಂಬ್ರ್. ನೀವ್ ಕೇಂಬಾಗ ಹೇಳಿರೆ ಆ ಹೆಣ್ಣಿನ್ ಕೆಲ್ಸ ಹೋತ್ತ್ ಅಂದೇಳಿ ಅತ್ತಿ ಹೇಳ್ಲಿಲ್ಲ.”

ಬ್ರಹ್ಮಾವರದಲ್ಲಿ ನಡೆದ ಸಭೆಯಲ್ಲಿ ಈ ವಿಷಯ ಎತ್ತಿದೆ. ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿಯ ಕಾರ್ಯಕರ್ತೆ ಯಾರು?” ಗುಳಿಗೆ ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಸುಜಾತಾ ಈಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಗುಲಾಬಿಯಕ್ಕ ತನ್ನ ಮೈಯನ್ನೇ ಒತ್ತೆಯಿಟ್ಟು ಉಳಿಸಿದ್ದ ಕೆಲಸ ಹಾಗೆ ಹೋಯಿತು.

ನನ್ನನ್ನು ಕೊರೆಯುವುದು ಇನ್ನೊಂದಿದೆ. ಅಂದು ನಾವು ಹೊರಟಾಗ ಗುಲಾಬಿಯಕ್ಕ ಹೆದ್ದಾರಿಯವರೆಗೆ ಬಂದು, ಸುಜಾತಾ ಮುಂದೆ ಹೋದದ್ದು ನೋಡಿ, ನನ್ನೊಬ್ಬನಿಗೇ ಕೇಳುವಂತೆ “ಸಂಜಿಗೆ ಒಬ್ರೇ ಬನಿ” ಎಂದರು. ನಾನು ಹೋಗಲಿಲ್ಲ. ನಿಜಕ್ಕೂ ಹಾಗೆ ಅಂದರೇ? ಜೊತೆಗಿದ್ದ ಹಿರಿಯರಿಗೆ ಹಾಗೇನೂ ನೆನಪಿಲ್ಲ. ಗುಲಾಬಿಯಕ್ಕ ಅಂಗಳವನ್ನೇ ದಾಟಿರಲಿಲ್ಲ ಎನ್ನುತ್ತಾರೆ. ಕಡಲಿನ ಸದ್ದು, ಲಾರಿಯ ಸದ್ದು, ಅದರ ನಡುವೆ ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಇಷ್ಟು ಸ್ಪಷ್ಟವಾಗಿರುವುದರಿಂದಲೇ ನನಗದರ ಮೇಲೆ ಅನುಮಾನ. ಸೊಸೆಯ ಮಾತು ಕೇಳಿದ ಮೇಲೆ ನಾನೇ ಹೊಲಿದುಕೊಂಡದ್ದೂ ಇರಬಹುದು. ಹೌದೋ ಅಲ್ಲವೋ ಎಂದು ಹೇಳಬಲ್ಲವರು ಒಬ್ಬರೇ. ಒಮ್ಮೆ ಹೋಗಿ ಕೇಳಿಯೂ ಕೇಳಿದೆ. ಗುಲಾಬಿಯಕ್ಕ ಎಡಗೈಯಲ್ಲಿ ನನ್ನ ಕೈ ಹಿಡಿದು ಅರ್ಧ ಬಾಯಲ್ಲಿ ನಕ್ಕರು. ಅದನ್ನು ಹೇಗೆ ಬೇಕಾದರೂ ಓದಬಹುದು.

ಮೊನ್ನೆ ನರ್ಸ್ ಪಟ್ಟಿ ಬಿಚ್ಚಿ ಮೆಲ್ಲಗೆ, “ಈ ತಿಂಗ್ಳ್ ಗುಳಿಗಿ ಬರ್ಲಿಲ್ಲ ಸಾರ್, ಹೊರ್ಗೆ ತಕಣಿ” ಎಂದಳು. ಅಷ್ಟರಲ್ಲಿ ಟ್ಯಾಬ್ ಹಿಡಿದ ತರುಣಿಯೊಬ್ಬಳು ಬಂದಳು. ಸಮೀಕ್ಷೆಯಂತೆ.

“ಇಲ್ಲಿ ಔಷಧಿ ಎಲ್ಲ ಸರಿಯಾಗಿ ಸಿಗುತ್ತಾ ಸಾರ್?”

ನರ್ಸ್ ಪಟ್ಟಿಯನ್ನು ಮಡಚುವುದು ನಿಲ್ಲಿಸಿದಳು. ನನ್ನತ್ತ ನೋಡಲಿಲ್ಲ.

“ಸಿಕ್ಕತ್ತ್. ಎಲ್ಲ ಲಾಯ್ಕ್ ಇತ್ತ್” ಎಂದೆ.

ತರುಣಿ ಒತ್ತಬೇಕಾದಲ್ಲಿ ಒತ್ತಿ, ನಕ್ಕು ಹೊರಟಳು. ನಾನು ಜಗಲಿಯವರೆಗೆ ಹಿಂದೆಯೇ ಹೋಗಿ, ನರ್ಸ್ ಒಳಗಿರುವುದನ್ನು ಖಚಿತ ಮಾಡಿಕೊಂಡು, ಸಣ್ಣ ದನಿಯಲ್ಲಿ ಹೇಳಿದೆ: “ಸಂಜಿಗೆ ಮನೆಗೆ ಒಬ್ರೇ ಬನಿ.”

ಅವಳು ಸ್ಕೂಟರ್ ಚಾಲೂ ಮಾಡುತ್ತಿದ್ದಳು. ಕೇಳಿಸಿತೋ ಇಲ್ಲವೋ, ಗೊತ್ತಿಲ್ಲ.